ಚಿಕ್ಕ ಪಟ್ಟಣದ ಅಗ್ನಿಶಾಮಕ ಠಾಣೆ: ಎರಡನೆಯ ವಾಹನ ಮೊದಲೋ, ಊರಿನ ಸಿದ್ಧತೆ ಮೊದಲೋ?

ಪ್ರಶ್ನೆ

ಮಾನ್ಯರೇ,

ಒಂದೇ ಅಗ್ನಿಶಾಮಕ ಠಾಣೆ, ಒಂದೇ ವಾಹನ ಮತ್ತು ಪಾಳಿಗೆ ಬೆರಳೆಣಿಕೆಯ ಸಿಬ್ಬಂದಿ ಇರುವ ಚಿಕ್ಕ ಪಟ್ಟಣವೊಂದರ ನಾಗರಿಕ ಸಮಿತಿಯ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ಈಚೆಗೆ ಒಂದು ಮನೆ ಪೂರ್ತಿಯಾಗಿ ಸುಟ್ಟುಹೋಯಿತು. ಮನೆಯವರು ಹೊರಗಿದ್ದುದರಿಂದ ಪ್ರಾಣಹಾನಿ ಆಗಲಿಲ್ಲ. ಆದರೆ ‘ವಾಹನ ತಡವಾಗಿ ಬಂತು, ಬಂದ ಐದೇ ನಿಮಿಷದಲ್ಲಿ ನೀರು ಮುಗಿಯಿತು’ ಎಂಬ ಅಸಮಾಧಾನ ಇನ್ನೂ ತಣ್ಣಗಾಗಿಲ್ಲ. ಸಮಿತಿಯ ಬಹುಪಾಲು ಸದಸ್ಯರು ಎರಡನೆಯ ವಾಹನಕ್ಕಾಗಿ ಮನವಿ ಸಲ್ಲಿಸಿ, ಅದು ಮಂಜೂರಾಗುವವರೆಗೂ ಬೆನ್ನುಹತ್ತಬೇಕು ಎನ್ನುತ್ತಾರೆ. ಠಾಣಾಧಿಕಾರಿಯವರನ್ನು ಭೇಟಿಯಾದಾಗ ಅವರು ವಾಹನ ಬೇಡವೆನ್ನಲಿಲ್ಲ. ‘ವಾಹನ ಬರುವ ತನಕ ನೀವೇ ಮಾಡಬಹುದಾದ ಕೆಲಸ ಬಹಳಷ್ಟಿದೆ’ ಎಂದಷ್ಟೇ ಹೇಳಿದರು, ಅಷ್ಟರಲ್ಲಿ ಕರೆ ಬಂದು ಹೊರಟುಬಿಟ್ಟರು.

ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿದೆ. ಬೆಂಕಿಯ ಮೊದಲ ಕೆಲವು ನಿಮಿಷಗಳಲ್ಲಿ ನಿಜವಾಗಿ ಏನು ನಡೆಯುತ್ತದೆ, ಅಷ್ಟು ದೊಡ್ಡ ಟ್ಯಾಂಕಿನ ನೀರು ಅಷ್ಟು ಬೇಗ ಏಕೆ ಬರಿದಾಗುತ್ತದೆ, ಬೆಂಕಿಯಿಲ್ಲದ ದಿನಗಳಲ್ಲಿ ಠಾಣೆಯವರ ಕೆಲಸವೇನು, ಅವರಿಗೆ ಅಡ್ಡಿಯಾಗದಂತೆ ಊರಿನವರು ಹೇಗೆ ನೆರವಾಗಬಹುದು ಎಂಬುದನ್ನು ಈ ಕ್ಷೇತ್ರದಲ್ಲಿ ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ. ಸಮಿತಿಯ ಶ್ರಮವನ್ನು ಎಲ್ಲಿ ತೊಡಗಿಸಬೇಕೆಂಬುದೇ ನನ್ನ ಮುಖ್ಯ ಪ್ರಶ್ನೆ.

ಉತ್ತರ: ನಿವೃತ್ತ ಠಾಣಾಧಿಕಾರಿ

ವಾಹನ ತಡವಾದದ್ದು ಒಂದು ದೂರು, ನೀರು ಮುಗಿದದ್ದು ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡಿದರೆ ಮಾತ್ರ ನಿಮ್ಮ ಠಾಣಾಧಿಕಾರಿಯವರು ಏನು ಹೇಳಹೊರಟಿದ್ದರು ಎಂಬುದು ತಿಳಿಯುತ್ತದೆ.

ಮೊದಲು ಕಾಲದ ಲೆಕ್ಕ. ಬೆಂಕಿ ಹೊತ್ತಿಕೊಂಡ ಗಳಿಗೆಗೂ ಹೋಸ್‌ನ ತುದಿಯಿಂದ ನೀರು ಚಿಮ್ಮುವ ಗಳಿಗೆಗೂ ನಡುವೆ ಹಲವು ಹಂತಗಳಿವೆ: ಯಾರಾದರೂ ಬೆಂಕಿಯನ್ನು ಗಮನಿಸಬೇಕು, ಕರೆ ಮಾಡಬೇಕು, ಕರೆ ತೆಗೆದುಕೊಂಡವರಿಗೆ ಜಾಗ ಅರ್ಥವಾಗಬೇಕು, ಸಿಬ್ಬಂದಿ ರಕ್ಷಣಾ ಉಡುಪು ಧರಿಸಿ ಹೊರಡಬೇಕು, ವಾಹನ ಸಾಗಬೇಕು, ತಲುಪಿದ ಮೇಲೆ ಹೋಸ್ ಬಿಡಿಸಿ, ಜೋಡಿಸಿ, ಪಂಪ್ ಚಾಲೂ ಮಾಡಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘದ 1710ನೆಯ ಮಾನದಂಡವು ಪೂರ್ಣಾವಧಿ ಸಿಬ್ಬಂದಿಯಿರುವ ಠಾಣೆಗಳಿಗೆ ಕರೆ ಬಂದ ಮೇಲೆ ಹೊರಡಲು 80 ಸೆಕೆಂಡು ಮತ್ತು ಮೊದಲ ವಾಹನದ ಪ್ರಯಾಣಕ್ಕೆ 4 ನಿಮಿಷ ಎಂದು ಗುರಿಯಿಟ್ಟಿದೆ. ಸ್ವಯಂಸೇವಕರನ್ನು ನೆಚ್ಚಿಕೊಂಡ ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವ 1720ನೆಯ ಮಾನದಂಡ ಹೆಚ್ಚು ವಾಸ್ತವವಾಗಿದ್ದು, 14 ನಿಮಿಷದೊಳಗೆ 6 ಜನ ಸ್ಥಳದಲ್ಲಿರಬೇಕು, ಅದೂ ಶೇ 80ರಷ್ಟು ಸಂದರ್ಭಗಳಲ್ಲಿ ಸಾಧ್ಯವಾದರೆ ಸಾಕು ಎನ್ನುತ್ತದೆ. ಚಿಕ್ಕ ಪಟ್ಟಣಗಳು ಬಹುತೇಕ ಈ ಎರಡರ ನಡುವೆ ಎಲ್ಲೋ ಇರುತ್ತವೆ.

ಈಗ ಅದೇ ಗಡಿಯಾರವನ್ನು ಬೆಂಕಿಯ ಕಡೆಯಿಂದ ನೋಡಿ. ಕೋಣೆಯ ಮೂಲೆಯಲ್ಲಿ ಒಂದು ಸೋಫಾ ಹೊತ್ತಿಕೊಂಡಿತೆಂದುಕೊಳ್ಳಿ. ಬಿಸಿ ಹೊಗೆ ಮೇಲೇರಿ ಚಾವಣಿಯ ಕೆಳಗೆ ಪದರವಾಗಿ ಕೂಡುತ್ತದೆ, ಆ ಪದರ ದಪ್ಪವಾಗುತ್ತಾ ಕೆಳಗಿಳಿಯುತ್ತದೆ. ಅದರ ಉಷ್ಣತೆ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಬೆಂಕಿ ಇನ್ನೂ ತಗುಲದ ವಸ್ತುಗಳು ಕೂಡ, ನೆಲದ ಮೇಲಿನ ಹಾಸು, ಎದುರಿನ ಕುರ್ಚಿ, ಪರದೆ ಎಲ್ಲವೂ ಆ ಕಾವಿಗೇ ಅನಿಲ ಬಿಡಲಾರಂಭಿಸಿ ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಇದನ್ನು ನಾವು ಫ್ಲ್ಯಾಶ್‌ಓವರ್ ಎನ್ನುತ್ತೇವೆ. ಅದಾದ ಮೇಲೆ ಪೂರ್ಣ ರಕ್ಷಣಾ ಉಡುಪಿನಲ್ಲಿರುವ ಸಿಬ್ಬಂದಿಯೂ ಆ ಕೋಣೆಯಲ್ಲಿ ಹೆಚ್ಚು ಹೊತ್ತು ಬದುಕಿರಲಾರರು. ಸುರಕ್ಷತಾ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯು.ಎಲ್. ಸಂಸ್ಥೆಯ ಪ್ರಯೋಗಗಳಲ್ಲಿ ಹಳೆಯ ಕಾಲದ ಹತ್ತಿ ಮತ್ತು ಮರದ ಪೀಠೋಪಕರಣಗಳಿದ್ದ ಕೋಣೆ ಈ ಸ್ಥಿತಿಗೆ ಬರಲು ಸುಮಾರು ಅರ್ಧ ಗಂಟೆ ಬೇಕಾಯಿತು. ಇಂದಿನ ಫೋಮ್ ಮತ್ತು ಸಿಂಥೆಟಿಕ್ ವಸ್ತುಗಳಿದ್ದ ಕೋಣೆಗೆ ಐದು ನಿಮಿಷವೂ ಬೇಕಾಗಲಿಲ್ಲ. ಠಾಣೆಯ ಪಕ್ಕದ ಬೀದಿಯಲ್ಲಿಯೇ ಮನೆಯಿದ್ದರೂ, ಬೆಂಕಿಯನ್ನು ನಾಲ್ಕು ನಿಮಿಷ ತಡವಾಗಿ ನೋಡಿದರೆ, ವಾಹನ ತಲುಪುವ ಹೊತ್ತಿಗೆ ಆ ಕೋಣೆ ಕೈಬಿಟ್ಟಿರುತ್ತದೆ. ಎರಡನೆಯ ವಾಹನ ಈ ನಾಲ್ಕು ನಿಮಿಷವನ್ನು ಹಿಂದಕ್ಕೆ ತರಲಾರದು.

ಇನ್ನು ನೀರಿನ ವಿಚಾರ. ಮನೆ ಬೆಂಕಿಗೆ ಬಳಸುವ ಒಂದು ಹೋಸ್‌ನಿಂದ ನಿಮಿಷಕ್ಕೆ ಸುಮಾರು 400ರಿಂದ 500 ಲೀಟರ್ ನೀರು ಹೊರಬರುತ್ತದೆ. 4,500 ಲೀಟರಿನ ಟ್ಯಾಂಕ್ ಇರುವ ವಾಹನದಿಂದ ಎರಡು ಹೋಸ್ ಎಳೆದರೆ ಐದು ನಿಮಿಷಕ್ಕೆ ಟ್ಯಾಂಕ್ ಬರಿದು. 2,000 ಲೀಟರಿನ ಚಿಕ್ಕ ವಾಹನದಲ್ಲಿ ಒಂದೇ ಹೋಸ್ ಬಳಸಿದರೂ ನಾಲ್ಕೂವರೆ ನಿಮಿಷ. ಆದ್ದರಿಂದ ‘ಐದೇ ನಿಮಿಷದಲ್ಲಿ ನೀರು ಮುಗಿಯಿತು’ ಎಂಬುದು ಅಚ್ಚರಿಯ ಸಂಗತಿಯಲ್ಲ, ಅದು ಯಾರ ನಿರ್ಲಕ್ಷ್ಯಕ್ಕೂ ಸಾಕ್ಷಿಯಲ್ಲ. ವಾಹನದಲ್ಲಿರುವ ನೀರು ಮೊದಲ ಹೊಡೆತಕ್ಕೆ ಮಾತ್ರ. ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1,700 ಲೀಟರ್ ಹಬೆಯಾಗಿ, ಅಪಾರ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಕೋಣೆಗೆ ಸೀಮಿತವಾದ ಬೆಂಕಿಗೆ ಬೇಗ ಮತ್ತು ಸರಿಯಾದ ಜಾಗಕ್ಕೆ ನೀರು ಬಿದ್ದರೆ ಟ್ಯಾಂಕಿನ ಒಂದು ಭಾಗವೇ ಸಾಕಾಗಬಹುದು. ಬೆಂಕಿ ಚಾವಣಿಗೆ ಹಬ್ಬಿದ ಮೇಲೆ ಬೇಕಾಗುವುದು ನಿರಂತರ ಪೂರೈಕೆ. ಅದನ್ನು ಊರೇ ಕೊಡಬೇಕು.

ಊರಿನಲ್ಲಿ ಹೈಡ್ರಂಟ್ (ಬೆಂಕಿ ನಂದಿಸಲೆಂದು ನೀರಿನ ಕೊಳವೆಗೆ ಜೋಡಿಸಿದ ನಲ್ಲಿ) ಜಾಲವಿದ್ದರೆ, ಅದರಲ್ಲಿ ಒತ್ತಡವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ತೆರೆದ ನೀರಿನಿಂದ ಪಂಪ್ ಮೂಲಕ ಎಳೆಯಬೇಕು. ಇಲ್ಲಿ ಭೌತಶಾಸ್ತ್ರ ಒಂದು ಗೆರೆ ಎಳೆದಿದೆ. ವಾತಾವರಣದ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುವುದರಿಂದ, ಎಷ್ಟೇ ಬಲಶಾಲಿಯಾದ ಪಂಪಿಗೂ ಸಿದ್ಧಾಂತದ ಪ್ರಕಾರ 10.3 ಮೀಟರಿಗಿಂತ ಆಳದಿಂದ ನೀರನ್ನು ಹೀರಲಾಗುವುದಿಲ್ಲ. ಕಾರ್ಯಾಚರಣೆಯಲ್ಲಿ 6–7 ಮೀಟರ್ ದಕ್ಕಿದರೆ ಹೆಚ್ಚು. ಹಾಗಾಗಿ ಊರಿನಲ್ಲಿ ನೀರು ಇದೆಯೆಂಬುದು ಸಾಲದು. ನೀರಿನ ಮಟ್ಟ ದಡದಿಂದ ಎಷ್ಟು ಕೆಳಗಿದೆ, ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ, ತುಂಬಿದ ಟ್ಯಾಂಕಿನ ಭಾರ ಹೊತ್ತ ವಾಹನ ದಡದ ಹತ್ತಿರ ಹೋದರೆ ನೆಲ ಕುಸಿಯುತ್ತದೆಯೇ, ಸಕ್ಷನ್ ಹೋಸ್‌ನ ಜರಡಿಗೆ ಕೆಸರು, ಕಳೆ ಸಿಕ್ಕಿಕೊಳ್ಳುತ್ತದೆಯೇ ಎಂಬುದನ್ನೆಲ್ಲ ಮೊದಲೇ ನೋಡಿಟ್ಟುಕೊಳ್ಳಬೇಕು. ಬೆಂಕಿಯಿಲ್ಲದ ದಿನ ಠಾಣೆಯವರು ಮಾಡುವ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಹೊರಗಿನವರಿಗೆ ಅದು ವಾಹನ ತೆಗೆದುಕೊಂಡು ಸುಮ್ಮನೆ ಸುತ್ತಾಡುತ್ತಿರುವಂತೆ ಕಾಣುತ್ತದೆ, ಅದಕ್ಕೆ ಏನು ಮಾಡಲಾಗುತ್ತದೆ!

ನಿಮ್ಮ ಸಮಿತಿ ನೀರಿನ ಮೂಲಗಳ ನಕ್ಷೆಯೊಂದನ್ನು ಠಾಣೆಯ ಜೊತೆ ಕೂತು ಸಿದ್ಧಪಡಿಸಿದರೆ, ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ ತಿದ್ದಿದರೆ, ಅದು ಮುಂದಿನ ಬೆಂಕಿಯಲ್ಲಿಯೇ ಉಪಯೋಗಕ್ಕೆ ಬರುತ್ತದೆ.

ಉತ್ತರ: ಸ್ವಯಂಸೇವಕರ ತರಬೇತುದಾರ

ಹಿರಿಯರು ಕಾಲ ಮತ್ತು ನೀರಿನ ಬಗ್ಗೆ ಹೇಳಿರುವುದಕ್ಕೆ ನಾನು ಜನಬಲದ ಮಾತನ್ನು ಸೇರಿಸುತ್ತೇನೆ, ಏಕೆಂದರೆ ವಾಹನದ ಮನವಿಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಇದೇ. ವಾಹನವೊಂದು ಬಂದರೆ ಅದನ್ನು ಓಡಿಸುವವರು ಬೇಕು, ಪಂಪ್ ನಡೆಸುವವರು ಬೇಕು. ಹೊಗೆ ತುಂಬಿದ ಕಟ್ಟಡದೊಳಗೆ ಒಬ್ಬರೇ ಹೋಗುವಂತಿಲ್ಲ, ಕನಿಷ್ಠ ಇಬ್ಬರು ಜೊತೆಯಾಗಿ ಹೋಗಬೇಕು. ಒಳಗೆ ಹೋದವರಿಗೆ ಏನಾದರೂ ಆದರೆ ಹೊರತರಲು ಪೂರ್ಣ ಸಿದ್ಧರಾಗಿ ಇನ್ನಿಬ್ಬರು ಹೊರಗೆ ನಿಂತಿರಬೇಕು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳಲ್ಲಿ ಇದು ಕಡ್ಡಾಯ. ಕಾಯಿದೆಯಲ್ಲಿ ಬರೆದಿರದ ಕಡೆಯಲ್ಲೂ ಅನುಭವಸ್ಥರು ಇದನ್ನು ಮೀರುವುದಿಲ್ಲ. ಪಂಪಿನ ಬಳಿ ಒಬ್ಬರು, ನಿರ್ದೇಶನ ನೀಡುವವರು ಒಬ್ಬರು ಎಂದು ಸೇರಿಸಿದರೆ, ಒಂದು ಸಾಧಾರಣ ಮನೆ ಬೆಂಕಿಗೆ ಒಳನುಗ್ಗಲು ಆರು ಜನ ಬೇಕಾಗುತ್ತದೆ. ನಿಮ್ಮ ಠಾಣೆಯ ಪಾಳಿಯಲ್ಲಿ ನಾಲ್ಕೇ ಜನರಿದ್ದರೆ, ಎರಡನೆಯ ವಾಹನ ಶೆಡ್ಡಿನಲ್ಲಿ ಚೆನ್ನಾಗಿ ಒರೆಸಿ ನಿಲ್ಲಿಸಿದ ಸ್ಥಿತಿಯಲ್ಲೇ ಇರುತ್ತದೆ.

ಚಿಕ್ಕ ಊರುಗಳು ಈ ಕೊರತೆಯನ್ನು ಹಲವು ದೇಶಗಳಲ್ಲಿ ಸ್ವಯಂಸೇವಕರಿಂದ ತುಂಬಿಕೊಂಡಿವೆ. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿಯ ಸದಸ್ಯರು ತಮ್ಮ ಮನೆಗಳಲ್ಲಿ ಚರ್ಮದ ಬಕೆಟ್‌ಗಳನ್ನೂ ಸಾಮಾನು ಸಾಗಿಸಲು ಚೀಲಗಳನ್ನೂ ಸಿದ್ಧವಾಗಿಟ್ಟುಕೊಳ್ಳಬೇಕಾಗಿತ್ತು. ಇಂದು ಆಸ್ಟ್ರಿಯಾದಲ್ಲಿ ವೃತ್ತಿಪರ ದಳವಿರುವುದು ಆರು ನಗರಗಳಲ್ಲಿ ಮಾತ್ರ. ಉಳಿದೆಡೆ ಬೆಂಕಿ ನಂದಿಸುವವರು ಶಿಕ್ಷಕರು, ರೈತರು, ಮೆಕ್ಯಾನಿಕ್‌ಗಳು. ಚಿಲಿಯಲ್ಲಿ ಇಡೀ ದೇಶದ ಸೇವೆಯೇ ಸ್ವಯಂಸೇವಕರದ್ದು. ಅಮೆರಿಕದಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಅಗ್ನಿಶಾಮಕರು ಸಂಬಳವಿಲ್ಲದವರು. ಇದನ್ನೆಲ್ಲ ಓದಿ ನಾಳೆಯೇ ಹುರುಪಿನ ಯುವಕರನ್ನು ಒಟ್ಟುಗೂಡಿಸಿ ಬೆಂಕಿಗೆ ಕಳುಹಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ದೇಶಗಳ ಸ್ವಯಂಸೇವಕರು ತಿಂಗಳುಗಟ್ಟಲೆ ತರಬೇತಿ ಪಡೆದವರು. ಅವರಿಗೆ ಉಡುಪು, ಉಸಿರಾಟದ ಉಪಕರಣ, ವಿಮೆ ಎಲ್ಲವೂ ಇರುತ್ತದೆ. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರಿನ ಮೇಲೆ 30 ನಿಮಿಷ ಎಂದು ಬರೆದಿದ್ದರೂ, ಮೆಟ್ಟಿಲು ಹತ್ತಿ ಹೋಸ್ ಎಳೆಯುವವರಿಗೆ ಅದು ಅಷ್ಟು ಹೊತ್ತು ಬರುವುದಿಲ್ಲ ಎಂಬುದನ್ನು ತರಬೇತಿಯಲ್ಲೇ ಮೈಗೆ ತಿಳಿಸಬೇಕಾಗುತ್ತದೆ.

ತರಬೇತಿಯಿಲ್ಲದ ಊರವರಿಗೂ ಹೊರಗೆ ಮಾಡಲು ಬೇಕಾದಷ್ಟು ಕೆಲಸವಿದೆ. ತಿರುವಿನಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸುವುದು, ಜನಸಂದಣಿಯನ್ನು ಹಿಂದಕ್ಕೆ ಸರಿಸುವುದು, ರಸ್ತೆಗಡ್ಡವಾಗಿ ನಿಂತ ವಾಹನಗಳನ್ನು ತೆಗೆಸುವುದು, ವಿದ್ಯುತ್ ಸಂಪರ್ಕ ಕಡಿತಗೊಳಿಸಲು ಯಾರಿಗೆ ಹೇಳಬೇಕೆಂದು ತಿಳಿದಿರುವುದು, ನೀರಿನ ಟ್ಯಾಂಕರ್ ಇರುವವರನ್ನು ಕರೆಸುವುದು ಇವೆಲ್ಲ ಠಾಣೆಯ ಸಿಬ್ಬಂದಿಯ ಕೈಯನ್ನು ಬೆಂಕಿಯ ಕೆಲಸಕ್ಕೆ ಬಿಡುಗಡೆ ಮಾಡುತ್ತವೆ.

ನೆರೆಯ ಠಾಣೆಗಳೊಂದಿಗಿನ ಹೊಂದಾಣಿಕೆಯೂ ಅಷ್ಟೇ ಮುಖ್ಯ. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರ ಹೊತ್ತಿ ಉರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ರೈಲಿನಲ್ಲಿ ವಾಹನಗಳು ಬಂದವು. ಬಂದವರ ಹಲವು ಹೋಸ್‌ಗಳ ಕಪ್ಲಿಂಗ್ (ಜೋಡಿಸುವ ತುದಿ) ಬಾಲ್ಟಿಮೋರಿನ ಹೈಡ್ರಂಟ್‌ಗಳಿಗೆ ಕೂರಲಿಲ್ಲ. ಒಂದೊಂದು ನಗರದ ತಿರುಪು ಒಂದೊಂದು ಅಳತೆ. ಬೆಂಕಿ ಸುಮಾರು 30 ಗಂಟೆ ಉರಿದು 1,500ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಕಪ್ಲಿಂಗ್‌ಗಳಿಗೆ ರಾಷ್ಟ್ರಮಟ್ಟದ ಅಳತೆ ಬೇಕೆಂಬ ಒತ್ತಾಯ ಬಲಗೊಂಡದ್ದು ಆ ದುರಂತದ ನಂತರ. ಈಗ ಎಲ್ಲ ಸರಿಹೋಗಿದೆ ಎಂದು ಭಾವಿಸದೆ, ನೆರೆಯ ಠಾಣೆಯ ವಾಹನ, ಪಕ್ಕದ ಕಾರ್ಖಾನೆಯ ಪಂಪ್, ಖಾಸಗಿ ಟ್ಯಾಂಕರಿನ ಕೊಳವೆ ಇವೆಲ್ಲವನ್ನೂ ಒಂದು ಭಾನುವಾರ ಒಂದೆಡೆ ತರಿಸಿ ಜೋಡಿಸಿ ನೋಡಿ. ಯಾವುದಕ್ಕೆ ಅಡಾಪ್ಟರ್ ಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ, ಮತ್ತು ಅಡಾಪ್ಟರಿನ ಖರ್ಚು ವಾಹನದ ಖರ್ಚಿನ ಮುಂದೆ ಏನೂ ಅಲ್ಲ.

ಇನ್ನೊಂದು ಮಾತು. ಠಾಣೆಯವರು ಬೆಂಕಿಗಷ್ಟೇ ಹೋಗುತ್ತಾರೆಂದು ತಿಳಿಯಬೇಡಿ. ಅಮೆರಿಕದ ಅಂಕಿಅಂಶಗಳಲ್ಲಿ ಅಗ್ನಿಶಾಮಕ ಸೇವೆಗೆ ಬರುವ ಕರೆಗಳಲ್ಲಿ ಬೆಂಕಿಯ ಪಾಲು ಶೇ 4ರ ಆಸುಪಾಸಿನಲ್ಲಿದೆ. ಹೆಚ್ಚಿನವು ವೈದ್ಯಕೀಯ ತುರ್ತು ಕರೆಗಳು. ಉಳಿದ ದೇಶಗಳಲ್ಲಿ ಪ್ರಮಾಣ ಬೇರೆಯಿದ್ದರೂ ರಸ್ತೆ ಅಪಘಾತ, ಪ್ರವಾಹ, ಬಾವಿಗೆ ಬಿದ್ದವರು, ಬಿದ್ದ ಮರ ಎಲ್ಲವೂ ಅದೇ ನಾಲ್ಕಾರು ಜನರ ಹೆಗಲಿಗೇ ಬರುತ್ತದೆ. ಒಂದೇ ವಾಹನ ಅಪಘಾತದ ಸ್ಥಳದಲ್ಲಿದ್ದಾಗ ಬೆಂಕಿಯ ಕರೆ ಬಂದರೆ ಯಾರು ಬರುತ್ತಾರೆ ಎಂಬುದಕ್ಕೆ ಲಿಖಿತ ಉತ್ತರ ಇರಬೇಕು.

ಉತ್ತರ: ಮನೆ ಭೇಟಿಯ ಸುರಕ್ಷತಾ ಕಾರ್ಯಕರ್ತೆ

ಮೇಲಿನ ಇಬ್ಬರೂ ವಾಹನ ಹೊರಟ ನಂತರದ ಸಂಗತಿಗಳನ್ನು ವಿವರಿಸಿದ್ದಾರೆ. ನನ್ನ ಕೆಲಸ ಅದಕ್ಕಿಂತ ಹಿಂದಿನದು: ಕೋರಿಕೆ ಬಂದ ಮನೆಗಳಿಗೆ ಹೋಗಿ, ಮನೆಯವರ ಜೊತೆಯಲ್ಲೇ ಕೋಣೆ ಕೋಣೆ ತಿರುಗಿ ನೋಡುವುದು. ಬ್ರಿಟನ್ನಿನ ಅಗ್ನಿಶಾಮಕ ಸೇವೆಗಳು ಇಂಥ ಭೇಟಿಗಳನ್ನು ಬಹಳ ವರ್ಷಗಳಿಂದ ನಡೆಸುತ್ತಿವೆ. ಅವು ವೃದ್ಧರು, ಒಂಟಿಯಾಗಿರುವವರು, ನಡೆದಾಡಲು ಕಷ್ಟವಿರುವವರ ಮನೆಗಳಿಗೆ ಆದ್ಯತೆ ಕೊಡುತ್ತವೆ. ಚಿಕ್ಕ ಪಟ್ಟಣದಲ್ಲಿ ಅಂಥವರು ಯಾರು, ಎಲ್ಲಿದ್ದಾರೆ ಎಂಬುದು ನೆರೆಹೊರೆಯವರಿಗೆ ತಿಳಿದೇ ಇರುತ್ತದೆ, ದೊಡ್ಡ ನಗರಕ್ಕಿಲ್ಲದ ಅನುಕೂಲ ಇದು.

ಒಂದು ಮನೆಯಲ್ಲಿ ಏನು ಕಾಣುತ್ತದೆ ಎಂದು ಹೇಳುತ್ತೇನೆ. ಚಾವಣಿಯಲ್ಲಿ ಹೊಗೆ ಪತ್ತೆಯ ಅಲಾರಂ ಇರುತ್ತದೆ. ಗುಂಡಿ ಒತ್ತಿದರೆ ಸದ್ದಿಲ್ಲ. ಮುಚ್ಚಳ ತೆರೆದರೆ ಬ್ಯಾಟರಿಯ ಜಾಗ ಖಾಲಿ. ಅಡುಗೆಯ ಹೊಗೆಗೆಲ್ಲ ಕೂಗುತ್ತಿತ್ತೆಂದು ಬಿಚ್ಚಿದ ಬ್ಯಾಟರಿ ಈಗ ಯಾವುದೋ ಆಟಿಕೆಯಲ್ಲಿದೆ. ಮಲಗುವ ಕೋಣೆಯ ಕಿಟಕಿಗೆ ಕಳ್ಳರ ಭಯದಿಂದ ಹಾಕಿಸಿದ ಕಬ್ಬಿಣದ ಸರಳು, ಅದರಲ್ಲಿ ತೆರೆಯಬಹುದಾದ ಒಂದು ಭಾಗ, ಅದಕ್ಕೆ ಬೀಗ; ಬೀಗದ ಕೀಲಿ ಎಲ್ಲಿ ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಗ್ನಿನಂದಕವನ್ನು ಒಲೆಯ ಮೇಲ್ಗಡೆಯೇ ತೂಗುಹಾಕಿರುತ್ತಾರೆ, ಅಂದರೆ ಬೆಂಕಿಯ ಮೇಲೆ ಕೈ ಚಾಚಿಯೇ ಅದನ್ನು ತೆಗೆಯಬೇಕು. ಅದು ಹೊರಬಾಗಿಲಿನ ಸಮೀಪ ಇರಬೇಕು. ನಿಮ್ಮ ಬೆನ್ನ ಹಿಂದೆ ಹೊರಹೋಗುವ ದಾರಿ ಇರುವಂತೆ ನಿಂತು ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅಕ್ಕಪಕ್ಕ ಬೀಸಬೇಕು. ಮನೆಯಲ್ಲಿ ಇಡುವ ಗಾತ್ರದ ಪುಡಿ ಅಗ್ನಿನಂದಕ ಹತ್ತು–ಇಪ್ಪತ್ತು ಸೆಕೆಂಡಿಗೆಲ್ಲ ಬರಿದಾಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಹೊರಗೆ ಹೋಗುವುದೇ ಸರಿ.

ಕೆಲಸ ಮಾಡುವ ಅಲಾರಂ ಇರುವ ಮನೆಗಳಲ್ಲಿ ಬೆಂಕಿಯಿಂದ ಸಾಯುವ ಸಂಭವ ಸುಮಾರು ಶೇ 60ರಷ್ಟು ಕಡಿಮೆ ಎಂದು ಅಮೆರಿಕದ ಅಂಕಿಅಂಶಗಳು ಹೇಳುತ್ತವೆ. ಇದಕ್ಕೆ ಕಾರಣ ಸರಳ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದ್ದವರು ಕೆಮ್ಮಿ ಏಳುವ ಬದಲು ಇನ್ನೂ ಆಳವಾದ ನಿದ್ರೆಗೆ ಜಾರುತ್ತಾರೆ. ಅಲಾರಂ ಅನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಹತ್ತು ವರ್ಷಕ್ಕೆ ಬದಲಿಸಬೇಕು. ಅಡುಗೆಮನೆಗೆ ಹೊಗೆಯ ಬದಲು ಶಾಖವನ್ನು ಗ್ರಹಿಸುವ ಸಾಧನ ಹಾಕಿಸಿದರೆ ಬ್ಯಾಟರಿ ಬಿಚ್ಚುವ ಪ್ರಸಂಗವೇ ಬರುವುದಿಲ್ಲ.

ಖರ್ಚಿಲ್ಲದ ಉಪಾಯವೊಂದಿದೆ: ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದು. ಯು.ಎಲ್. ಸಂಸ್ಥೆಯ ಅಗ್ನಿ ಸಂಶೋಧನಾ ವಿಭಾಗ ನಡೆಸಿದ ಪ್ರಾತ್ಯಕ್ಷಿಕೆಗಳಲ್ಲಿ ಒಂದೇ ಮನೆಯ ಬಾಗಿಲು ತೆರೆದ ಕೋಣೆ 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಬಾಗಿಲು ಮುಚ್ಚಿದ ಕೋಣೆ 40 ಡಿಗ್ರಿಯ ಒಳಗೇ ಇತ್ತು. ಸಾಮಾನ್ಯ ಬಾಗಿಲೊಂದು ಕೊಡುವ ಆ ಕೆಲವು ನಿಮಿಷಗಳೇ ವಾಹನ ತಲುಪಲು ಬೇಕಾದ ನಿಮಿಷಗಳು.

ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿಯಬಾರದೆಂದು ಎಲ್ಲರೂ ಕೇಳಿರುತ್ತಾರೆ, ಗಾಬರಿಯಲ್ಲಿ ಸುರಿಯುತ್ತಾರೆ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿದು, ತಕ್ಷಣ ಹಬೆಯಾಗಿ ಸಿಡಿದು, ಉರಿಯುವ ಎಣ್ಣೆಯನ್ನು ಚಾವಣಿಯವರೆಗೆ ಎರಚುತ್ತದೆ. ಉರಿ ಆರಿಸಿ, ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ತೆರೆಯದೆ ಬಿಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ಕೂರುತ್ತದೆ, ಗಾಳಿಯಲ್ಲಿ ಅದರ ಪ್ರಮಾಣ ಶೇ 2ರಷ್ಟಾದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ವಾಸನೆ ಬಂದಾಗ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ ಅಲ್ಲಿಂದ ಕರೆ ಮಾಡಬೇಕು.

ಹೊಸದಾಗಿ ಸೇರಿಕೊಂಡಿರುವುದು ವಿದ್ಯುತ್ ಸ್ಕೂಟರ್‌ಗಳ ಲಿಥಿಯಂ ಬ್ಯಾಟರಿ. ಹಾಳಾದ ಒಂದು ಕೋಶದ ಶಾಖ ಪಕ್ಕದ ಕೋಶಕ್ಕೆ ದಾಟುತ್ತಾ ಹೋಗುವುದರಿಂದ, ಆರಿದಂತೆ ಕಂಡ ಬೆಂಕಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಮತ್ತೆ ಏಳುತ್ತದೆ. ಹೊರಬಾಗಿಲ ಬಳಿ ಅಥವಾ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿದರೆ, ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ದಾರಿಯೇ ಮೊದಲು ಮುಚ್ಚಿಹೋಗುತ್ತದೆ. ನಾನು ಹೋದ ಮನೆಗಳಲ್ಲಿ ಈ ಒಂದು ವಿಷಯಕ್ಕೆ ಮಾತ್ರ ಹೆಚ್ಚು ವಾದ ನಡೆಯುತ್ತದೆ, ಏಕೆಂದರೆ ಪ್ಲಗ್ ಇರುವುದು ಅಲ್ಲೇ!

ಉತ್ತರ: ಒಂದು ಆಕ್ಷೇಪ

ಇದುವರೆಗಿನ ಉತ್ತರಗಳು ಉಪಯುಕ್ತವಾಗಿವೆ, ಆದರೆ ಅವುಗಳ ಒಟ್ಟು ಒಲವು ನನಗೆ ಸ್ವಲ್ಪ ಆತಂಕ ತರುತ್ತದೆ. ಬಾಗಿಲು ಮುಚ್ಚಿ ಮಲಗಿ, ನೀರಿನ ನಕ್ಷೆ ಬರೆಯಿರಿ, ತಿರುವಿನಲ್ಲಿ ನಿಲ್ಲಿರಿ ಎಂದು ನಾಗರಿಕರಿಗೆ ಕೆಲಸ ಹಂಚುತ್ತಾ ಹೋದರೆ, ಹಣ ಮಂಜೂರು ಮಾಡಬೇಕಾದವರು ನೆಮ್ಮದಿಯಾಗಿ ಕೂರುತ್ತಾರೆ. ಜಾಗೃತಿ ಸಪ್ತಾಹಗಳು ಎಲ್ಲ ಕಡೆ ನಡೆಯುತ್ತವೆ. 1871ರ ಷಿಕಾಗೋ ಬೆಂಕಿಯ ನೆನಪಿಗೆ ಅಮೆರಿಕದಲ್ಲಿ ಅಕ್ಟೋಬರಿನಲ್ಲಿ, 1944ರ ಮುಂಬಯಿ ಬಂದರಿನ ಸ್ಫೋಟದ ನೆನಪಿಗೆ ಭಾರತದಲ್ಲಿ ಏಪ್ರಿಲ್ 14ರಿಂದ. ಸಪ್ತಾಹ ಮುಗಿದ ಮೇಲೆ ಠಾಣೆಯ ಖಾಲಿ ಹುದ್ದೆಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ.

ನಾಗರಿಕರ ಕೈಯಲ್ಲಿಲ್ಲದ ಕೆಲಸವೊಂದನ್ನು ವಿಶೇಷವಾಗಿ ಹೇಳಬೇಕು. ಅದು ತಪಾಸಣೆ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಹೊಗೆ ಬಾಲ್ಕನಿಯನ್ನು ತುಂಬಿದಾಗ ಹೊರದಾರಿಗೆ ಅಡ್ಡಿಗಳಿದ್ದುದರಿಂದ 59 ಜನ ಸತ್ತರು. 2003ರಲ್ಲಿ ಅಮೆರಿಕದ ವೆಸ್ಟ್ ವಾರ್ವಿಕ್ ಎಂಬ ಚಿಕ್ಕ ಪಟ್ಟಣದ ನೈಟ್‌ಕ್ಲಬ್ಬಿನಲ್ಲಿ ಗೋಡೆಗೆ ಅಂಟಿಸಿದ್ದ ಫೋಮ್‌ಗೆ ಪಟಾಕಿಯ ಕಿಡಿ ತಗುಲಿ 100 ಜನ ಸತ್ತರು. ಒಳಗಿದ್ದವರಲ್ಲಿ ಹೆಚ್ಚಿನವರು ತಾವು ಬಂದ ಮುಂಬಾಗಿಲಿನತ್ತಲೇ ಓಡಿದರು, ಆ ಬಾಗಿಲು ಕೆಲವೇ ಕ್ಷಣಗಳಲ್ಲಿ ಜನರಿಂದ ಕಿಕ್ಕಿರಿದು ಮುಚ್ಚಿಹೋಯಿತು. ಇಂಥ ಜಾಗಗಳಲ್ಲಿ ಬಾಗಿಲಿಗೆ ಬೀಗ ಹಾಕಿದೆಯೇ, ಒಳಗೆ ಎಷ್ಟು ಜನರನ್ನು ಬಿಟ್ಟಿದ್ದಾರೆ, ಗೋಡೆಗೆ ಏನು ಹಚ್ಚಿದ್ದಾರೆ ಎಂದು ನೋಡುವ, ನೋಡಿ ಬೀಗಮುದ್ರೆ ಹಾಕುವ ಅಧಿಕಾರ ಇರುವುದು ಇಲಾಖೆಗೆ. ಚಿಕ್ಕ ಪಟ್ಟಣದಲ್ಲಿ ಸಭಾಂಗಣದ ಮಾಲೀಕರೂ ತಪಾಸಣೆಗೆ ಹೋಗುವವರೂ ಪರಸ್ಪರ ಪರಿಚಿತರಾಗಿರುತ್ತಾರೆ, ದಾಕ್ಷಿಣ್ಯ ಅಡ್ಡಬರುತ್ತದೆ. ಅಲ್ಲಿ ನಾಗರಿಕ ಸಮಿತಿ ಬೆನ್ನಿಗೆ ನಿಂತರೆ ತಪಾಸಣೆ ಮಾಡುವವರಿಗೆ ಧೈರ್ಯ ಬರುತ್ತದೆ.

ಮನವಿ ಸಲ್ಲಿಸಲೇಬೇಕು, ಆದರೆ ಆಧಾರಸಹಿತವಾಗಿ. ಕರೆ ಬಂದ ಸಮಯ, ವಾಹನ ಹೊರಟ ಸಮಯ, ತಲುಪಿದ ಸಮಯ, ಹೋದ ಸಿಬ್ಬಂದಿಯ ಸಂಖ್ಯೆ, ಮೊದಲ ಟ್ಯಾಂಕ್ ಮುಗಿದ ಮೇಲೆ ನೀರು ಮತ್ತೆ ದೊರೆಯಲು ಹಿಡಿದ ಹೊತ್ತು, ವಾಹನ ಬೇರೆ ಕರೆಯಲ್ಲಿದ್ದುದರಿಂದ ಹೋಗಲಾಗದ ಸಂದರ್ಭಗಳು ಇವುಗಳನ್ನು ಠಾಣೆಯ ದಾಖಲೆಯಿಂದ ಪಡೆದು ಒಂದು ಹಾಳೆಯಲ್ಲಿ ಬರೆಯಿರಿ. ಕೊರತೆ ಜನರದ್ದೋ, ವಾಹನದ್ದೋ, ನೀರಿನದ್ದೋ ಎಂಬುದು ಆ ಹಾಳೆಯೇ ಹೇಳುತ್ತದೆ. ಸಿಬ್ಬಂದಿಯ ಆರೋಗ್ಯವನ್ನೂ ಮನವಿಯಲ್ಲಿ ಸೇರಿಸಿ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೆ ಸೇರಿಸಿದೆ. ಮಸಿ ಹಿಡಿದ ಉಡುಪನ್ನು ತೊಳೆಯುವ ವ್ಯವಸ್ಥೆ ಮತ್ತು ಬದಲಿಗೆ ಇನ್ನೊಂದು ಜೊತೆ ಉಡುಪು ಕೇಳುವುದು ದುಂದುವೆಚ್ಚವಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯ ಆಕ್ಷೇಪವನ್ನು ಓದಿದ ಮೇಲೆ ಸಮಿತಿಯಲ್ಲಿ ಮೊದಲಿಗೆ ಠಾಣೆಯ ದಾಖಲೆಗಳನ್ನು ಕೇಳಿ ಪಡೆಯುವುದೆಂದೂ, ಅದರ ಜೊತೆಯಲ್ಲೇ ನೀರಿನ ನಕ್ಷೆ ಮಾಡುವುದೆಂದೂ, ವಾಹನದ ಮನವಿಯನ್ನು ಆ ಅಂಕಿಅಂಶಗಳು ಕೈಗೆ ಬಂದ ನಂತರ ಬರೆಯುವುದೆಂದೂ ಪ್ರಸ್ತಾಪಿಸಲಿದ್ದೇನೆ. ಉಳಿದಿರುವ ಒಂದು ಸಂದೇಹವನ್ನು ನಿವೃತ್ತ ಠಾಣಾಧಿಕಾರಿಗಳಲ್ಲಿ ಕೇಳಬೇಕಾಗಿದೆ. ಸರ್, ಪಕ್ಕದ ಮನೆಗೆ ಬೆಂಕಿ ಬಿದ್ದಾಗ, ವಾಹನ ಬರುವವರೆಗಿನ ಆ ಹತ್ತು ನಿಮಿಷ ನೆರೆಯವರು ಏನು ಮಾಡಬೇಕು? ಸುಮ್ಮನೆ ನಿಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗೆಯೇ, ಕಿರಿದಾದ ಬೀದಿಗಳಲ್ಲಿ ವಾಹನ ನುಗ್ಗುತ್ತದೆಯೋ ಇಲ್ಲವೋ ಎಂಬುದನ್ನು ನಾವೇ ಅಳೆದು ನೋಡಬಹುದೇ?

ಉತ್ತರ: ನಿವೃತ್ತ ಠಾಣಾಧಿಕಾರಿ

ಮೊದಲು ಕರೆ ಮಾಡಿ. ಬೇರೆಯವರು ಮಾಡಿರುತ್ತಾರೆಂದು ಎಲ್ಲರೂ ಅಂದುಕೊಂಡು ಯಾರೂ ಮಾಡದೆ ಇರುವುದನ್ನು ನಾನು ಕಂಡಿದ್ದೇನೆ. ಏನು ಉರಿಯುತ್ತಿದೆ, ಎಷ್ಟನೆಯ ಮಹಡಿ, ಒಳಗೆ ಯಾರಾದರೂ ಇದ್ದಾರೆಯೇ, ಹತ್ತಿರದ ಗುರುತು ಯಾವುದು ಎಂದು ಹೇಳಿ. ಆ ಕಡೆಯವರು ಸಾಕು ಎನ್ನುವವರೆಗೆ ಕರೆಯನ್ನು ಕಡಿತಗೊಳಿಸಬೇಡಿ. ಅನಂತರ ಕೂಗಿ, ಬಾಗಿಲು ಬಡಿದು ಒಳಗಿರುವವರನ್ನು ಎಬ್ಬಿಸಿ. ಮುಚ್ಚಿದ ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ತೆರೆಯಬೇಡಿ. ಗಾಳಿ ಸಿಗದೆ ಹೊಗೆಯಾಡುತ್ತಿರುವ ಕೋಣೆಗೆ ನೀವು ಬಾಗಿಲು ತೆರೆದು ಗಾಳಿ ಕೊಟ್ಟರೆ ಅದು ನಿಮ್ಮ ಮುಖಕ್ಕೇ ಸಿಡಿಯಬಹುದು. ಇದೇ ಕಾರಣಕ್ಕೆ ಕಿಟಕಿಯ ಗಾಜುಗಳನ್ನು ಕಲ್ಲೆಸೆದು ಒಡೆಯುವ ಉತ್ಸಾಹವನ್ನೂ ತಡೆಯಿರಿ. ಹೊರಬಂದವರು ತಮ್ಮ ಹಿಂದೆ ಬಾಗಿಲು ಎಳೆದುಕೊಂಡು ಬರಲಿ, ಯಾವ ವಸ್ತುವಿಗಾಗಿಯೂ ಮರಳಿ ಹೋಗದಿರಲಿ. ಅಕ್ಕಪಕ್ಕದ ಮನೆಗಳವರನ್ನು ಹೊರಗೆ ಕರೆಸಿ, ಎಲ್ಲರೂ ಒಂದೆಡೆ ಸೇರಿದ ಮೇಲೆ ತಲೆ ಎಣಿಸಿ. ಸಿಬ್ಬಂದಿ ಇಳಿದ ಕೂಡಲೇ ಅವರ ಮುಖ್ಯಸ್ಥರಿಗೆ ಒಬ್ಬರೇ ಮಾತನಾಡಬೇಕು. ಹತ್ತು ಜನ ಒಟ್ಟಿಗೆ ಮಾತನಾಡಿದರೆ ‘ಒಳಗೆ ಒಬ್ಬರಿದ್ದಾರೆ, ಹಿಂಬದಿಯ ಕೋಣೆ’ ಎಂಬ ಮುಖ್ಯ ಮಾತೇ ಕಿವಿಗೆ ಬೀಳುವುದಿಲ್ಲ.

ಬೀದಿಗಳನ್ನು ನೀವೇ ಅಳೆಯಬಹುದು. ಬ್ರಿಟನ್ನಿನ ಕಟ್ಟಡ ನಿಯಮಗಳ ಮಾರ್ಗಸೂಚಿಯಲ್ಲಿ ಅಗ್ನಿಶಾಮಕ ವಾಹನಕ್ಕೆ ರಸ್ತೆಯ ಅಗಲ 3.7 ಮೀಟರ್, ಗೇಟಿನ ಅಗಲ 3.1 ಮೀಟರ್, ಮೇಲೆ ತೆರವು 3.7 ಮೀಟರ್ ಇರಬೇಕೆಂದಿದೆ. ನಿಮ್ಮ ಠಾಣೆಯ ವಾಹನದ ಅಳತೆಯನ್ನು ಕೇಳಿ ಪಡೆದು ಅದಕ್ಕೇ ಹೋಲಿಸಿ ನೋಡುವುದು ಇನ್ನೂ ಉತ್ತಮ. ಅಳೆಯುವಾಗ ಹಗಲಿನ ಖಾಲಿ ಬೀದಿಯನ್ನು ನೋಡಿ ಮೋಸಹೋಗಬೇಡಿ. ರಾತ್ರಿ ಹನ್ನೊಂದರ ಮೇಲೆ, ಎಲ್ಲ ಕಾರುಗಳೂ ಬೀದಿಯ ಎರಡು ಬದಿಗೆ ನಿಂತಿರುವಾಗ ಟೇಪು ಹಿಡಿಯಿರಿ. ಜೋತುಬಿದ್ದ ತಂತಿಗಳನ್ನೂ ಮಳಿಗೆಗಳ ಮುಂದಿನ ತಗಡಿನ ಚಪ್ಪರಗಳನ್ನೂ ಗುರುತುಮಾಡಿಕೊಳ್ಳಿ. ವಾಹನ ಹೋಗಲಾರದ ಬೀದಿಗಳ ಪಟ್ಟಿ ಸಿಕ್ಕಿದರೆ ಠಾಣೆಯವರು ಅಲ್ಲಿಗೆ ಎಷ್ಟು ಉದ್ದದ ಹೋಸ್ ಹೊತ್ತೊಯ್ಯಬೇಕು, ಎಲ್ಲಿ ವಾಹನ ನಿಲ್ಲಿಸಬೇಕು ಎಂದು ಮೊದಲೇ ನಿರ್ಧರಿಸಿಕೊಳ್ಳುತ್ತಾರೆ. ಎರಡನೆಯ ವಾಹನ ಮಂಜೂರಾಗುವ ಸಂದರ್ಭ ಬಂದರೆ ಆ ಪಟ್ಟಿಯನ್ನೇ ಮುಂದಿಟ್ಟು, ಮತ್ತೊಂದು ದೊಡ್ಡ ವಾಹನದ ಬದಲು ಕಿರಿದಾದ ಬೀದಿಗೆ ನುಗ್ಗುವ ಚಿಕ್ಕ ವಾಹನವನ್ನು ಮತ್ತು ಅದಕ್ಕೊಂದು ಒಯ್ಯಬಹುದಾದ ಪಂಪನ್ನು ಕೇಳಿ.